ರುಧಿರ ಎಂಬ ಜೀನು, ನರ ಎಂಬ ಮಾತು

ಚಿಂತಾಮಣಿಯ ಯಾವ ಆಸ್ಪತ್ರೆಯ ವಾರ್ಡಿನಲ್ಲಿ ಕಾಲು ಗಂಟೆ ಕೂತರೂ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ನರ ಸಿಗ್ತಾ ಇಲ್ಲ, ಆ ಕೈ ಕೊಡಿ.’ ಗ್ಲೂಕೋಸ್ ಹಾಕಲು ಬಂದ ಸಿಸ್ಟರ್ ಹುಡುಕುತ್ತಿರುವುದು ರಕ್ತನಾಳವನ್ನು. ನಮ್ಮ ಕಡೆ ರಕ್ತ ಹರಿಯುವುದೂ ನರದಲ್ಲೇ, ಜೋಮು ಹಿಡಿಯುವುದೂ ನರಕ್ಕೇ, ಕತ್ತು ಉಳುಕಿದರೂ ನರವೇ. ಮನೆಮಾತು ತೆಲುಗಾದರೂ ಇದೇ ನರ. ಅದೇ ಊರಿನ ಹೈಸ್ಕೂಲಿನಲ್ಲಿ ಅದೇ ಹೊತ್ತಿಗೆ ಒಬ್ಬ ಹುಡುಗಿ ಅಪಧಮನಿ, ಅಭಿಧಮನಿ ಎಂದು ಉರು ಹೊಡೆಯುತ್ತಿರುತ್ತಾಳೆ. ಹೃದಯದಿಂದ ರಕ್ತ ಒಯ್ಯುವುದು ಯಾವುದು, ಹೃದಯಕ್ಕೆ ತರುವುದು ಯಾವುದು? ‘ಅಪ’, ‘ಅಭಿ’ ಎಂಬ ಎರಡು ಉಪಸರ್ಗಗಳ ಮೇಲೆ ಅವಳ ಒಂದು ಅಂಕ ನಿಂತಿದೆ. ಮಾರನೆಯ ವರ್ಷ ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನವೇ ಅವೆರಡನ್ನೂ ಕಸದ ಬುಟ್ಟಿಗೆ ಹಾಕಿ ಆರ್ಟರಿ, ವೇಯ್ನ್ ಎಂದು ಹೊಸದಾಗಿ ಶುರು ಮಾಡಬೇಕು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಕಾಲೇಜಿನಲ್ಲಿ ಒಂದು. ಮೂರು ಪದ ಕಲಿತಳು. ಆ ನಾಳ ಹೇಗೆ ಹುಟ್ಟುತ್ತದೆ ಎಂದು ಮೂರರಲ್ಲಿ ಯಾವ ಭಾಷೆಯೂ ಅವಳಿಗೆ ಹೇಳಲಿಲ್ಲ.

ಇದನ್ನು ಹೇಳಿದ ಕೂಡಲೇ ಸಾಹಿತ್ಯದ ಗೆಳೆಯರು ಒಂದು ಉತ್ತರ ಕೊಡುತ್ತಾರೆ: ‘ಕನ್ನಡದಲ್ಲಿ ಅದಕ್ಕೆಲ್ಲ ಪದಗಳಿಲ್ಲವಲ್ಲ.’ ವಿಜ್ಞಾನದ ಗೆಳೆಯರು ಅದನ್ನೇ ಇನ್ನಷ್ಟು ಸಮಾಧಾನದಿಂದ ಹೇಳುತ್ತಾರೆ. ಇಬ್ಬರ ಮೇಲೂ ನನಗೆ ಜಗಳವಿದೆ. ಪದಗಳಿವೆ, ಬೇಕಾದಷ್ಟಿವೆ. ಇಲ್ಲದಿರುವುದು ವಾಕ್ಯಗಳು. ನಾವು ನೂರು ವರ್ಷದಿಂದ ನಾಮಪದಗಳನ್ನು ಅನುವಾದಿಸುತ್ತ ಕೂತಿದ್ದೇವೆ, ಕ್ರಿಯಾಪದಗಳನ್ನು ಮರೆತಿದ್ದೇವೆ. ಏನೋ ಒಂದು ‘ಇದೆ’ ಎಂದು ಹೇಳುವುದಕ್ಕೆ ಪದಕೋಶ ಸಾಕು. ಏನೋ ಒಂದು ‘ನಡೆಯುತ್ತಿದೆ’ ಎಂದು ಹೇಳಲು ಬರೆಯಬಲ್ಲವರು ಬೇಕು. ಬರೆಯಬಲ್ಲವರು ನಾವು. ರಕ್ತಸಂಬಂಧ, ರಕ್ತಕಣ್ಣೀರು, ರಕ್ತದ ಕರೆ ಎಂದು ರೂಪಕಗಳಲ್ಲಿ ಮಾತ್ರ ರಕ್ತವನ್ನು ಚೆಲ್ಲಿ ಕೈ ತೊಳೆದುಕೊಳ್ಳುವವರೂ ನಾವೇ.

ಇದು ಬರೀ ಭಾಷಾಭಿಮಾನದ ತಕರಾರಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಮ್ಮ ದೊಡ್ಡಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಕಣ್ಣು ಮಂಜಾದಾಗ ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಣ್ಣೊಳಗೇ ಇಂಜೆಕ್ಷನ್ ಹಾಕಿದರು. ಮುಂದಿನ ತಿಂಗಳು ಮತ್ತೆ ಬನ್ನಿ ಅಂದರು. ಮತ್ತೆ ಹಾಕಿದರು, ಮತ್ತೆ ಬನ್ನಿ ಅಂದರು. ‘ಔಷಧಿ ಸರಿಯಾಗಿದ್ರೆ ಒಂದಕ್ಕೇ ವಾಸಿಯಾಗಬೇಕಿತ್ತಲ್ಲ, ಪ್ರತಿ ತಿಂಗಳೂ ಯಾಕೆ?’ ಎಂದು ದೊಡ್ಡಪ್ಪ ಕೇಳಿದ್ದಕ್ಕೆ ಸಿಕ್ಕಿದ ಉತ್ತರ: ‘ಅದು ಹಂಗೇ ಅಜ್ಜಾ, ಕೋರ್ಸ್ ಅದು.’ ಮೂರನೇ ಸಲ ಅವರು ಹೋಗಲಿಲ್ಲ. ದುಡ್ಡು ಕೀಳೋಕೆ ಹೀಗೆ ಮಾಡ್ತಾರೆ ಎಂದು ತೀರ್ಮಾನಿಸಿಬಿಟ್ಟಿದ್ದರು. ಅವರ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಕೊಡಲು ರಕ್ತನಾಳ ಹೇಗೆ ಹುಟ್ಟುತ್ತದೆ, ಜೀವಕೋಶಗಳು ಒಂದಕ್ಕೊಂದು ಏನು ಹೇಳಿಕೊಳ್ಳುತ್ತವೆ ಎನ್ನುವುದನ್ನೇ ಹೇಳಬೇಕಾಗುತ್ತದೆ.

ಪದಗಳಿಲ್ಲ ಎನ್ನುವವರನ್ನು ಮೊದಲು ಶಿಡ್ಲಘಟ್ಟದ ಕಡೆಯ ಯಾವುದಾದರೂ ರೇಷ್ಮೆ ಸಾಕಣೆ ಮನೆಗೆ ಕರೆದುಕೊಂಡು ಹೋಗುತ್ತೇನೆ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆ ಎತ್ತಿ ಸುಮ್ಮನೆ ನಿಲ್ಲುವುದಕ್ಕೆ ನಮ್ಮ ರೈತರು ‘ಜ್ವರ’ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು ಜ್ವರ. ನಾಲ್ಕು ಕಳೆದು ಗೂಡು ಕಟ್ಟಲು ಸಿದ್ಧವಾದರೆ ಹುಳು ‘ಹಣ್ಣಾಯಿತು’. ವೈರಸ್ ತಗುಲಿ ಹುಳುವಿನ ದೇಹದ್ರವ ಹಾಲಿನಂತೆ ಬೆಳ್ಳಗಾಗುವ ರೋಗಕ್ಕೆ ಹಾಲುತೊಂಡೆ. ಶಿಲೀಂಧ್ರ ತಗುಲಿ ಸತ್ತ ಹುಳು ಸುಣ್ಣದ ಕಡ್ಡಿಯಂತೆ ಗಟ್ಟಿಯಾದರೆ ಸುಣ್ಣಕಟ್ಟು. ಈ ಪದಗಳನ್ನು ಯಾವ ಸಮಿತಿಯೂ ಕೂತು ಟಂಕಿಸಲಿಲ್ಲ. ಕಣ್ಣಿಟ್ಟು ನೋಡಿದವರು ಕಂಡದ್ದನ್ನು ಹೇಳಿದರು, ಅದು ಪದವಾಯಿತು. ಅಪಧಮನಿಗೂ ಹಾಲುತೊಂಡೆಗೂ ಇರುವ ವ್ಯತ್ಯಾಸ ಸಂಸ್ಕೃತಕ್ಕೂ ದೇಸಿಗೂ ಇರುವ ವ್ಯತ್ಯಾಸವಲ್ಲ. ಒಂದು ಇನ್ನೊಂದು ಪದವನ್ನು ನೋಡಿ ಮಾಡಿದ ಪದ, ಇನ್ನೊಂದು ಹುಳುವನ್ನು ನೋಡಿ ಮಾಡಿದ ಪದ.

ರೇಷ್ಮೆ ಹುಳುವನ್ನು ಇಲ್ಲಿಗೆ ಎಳೆದು ತಂದದ್ದಕ್ಕೆ ಇನ್ನೊಂದು ಕಾರಣವಿದೆ. ರಕ್ತ ಹೃದಯದಿಂದ ಹೊರಟು ಮತ್ತೆ ಹೃದಯಕ್ಕೇ ಸುತ್ತಿ ಬರುತ್ತದೆ ಎಂದು ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿದ. ಹೋಗುವ ನಾಳದಿಂದ ಬರುವ ನಾಳಕ್ಕೆ ರಕ್ತ ಎಲ್ಲಿ ದಾಟುತ್ತದೆ ಎನ್ನುವುದನ್ನು ನೋಡಲು ಅವನಿಗಾಗಲಿಲ್ಲ. 1661ರಲ್ಲಿ ಇಟಲಿಯ ಮಾರ್ಚೆಲ್ಲೋ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕೂದಲಿಗಿಂತ ಸಣ್ಣ ನಾಳಗಳ ಜಾಲವನ್ನು ಕಂಡ. ಅದೇ ಮಾಲ್ಪೀಗಿ 1669ರಲ್ಲಿ ಪ್ರಕಟಿಸಿದ ಪುಸ್ತಕ ಯಾವುದರ ಬಗ್ಗೆ ಗೊತ್ತೇ? ರೇಷ್ಮೆ ಹುಳುವಿನ ಬಗ್ಗೆ. ಹುಳುವನ್ನು ಕೊಯ್ದು ನೋಡಿ, ಅದರ ಪಕ್ಕೆಯ ಚುಕ್ಕೆಗಳಿಂದ ಒಳಕ್ಕೆ ಹೋಗುವ ಗಾಳಿಕೊಳವೆಗಳನ್ನು ಅವನು ಬಿಡಿಸಿ ತೋರಿಸಿದ. ಚಂದ್ರಂಕಿಗೆ ಹುಳು ಬಿಡುವ ನಮ್ಮ ಹೆಂಗಸರು ದಿನವೂ ನೋಡುವ ಆ 9 ಜೊತೆ ಕಪ್ಪು ಚುಕ್ಕೆಗಳೇ ಅವು. ಹುಳುವಿಗೆ ನಮ್ಮಂಥ ಮುಚ್ಚಿದ ರಕ್ತನಾಳಗಳಿಲ್ಲ. ಬೆನ್ನ ಮೇಲೆ ಉದ್ದಕ್ಕೆ ಮಿಡಿಯುವ ಒಂದು ಗೆರೆ ಮಾತ್ರ, ಅದೇ ಅದರ ಹೃದಯ. ಉಸಿರು ಗಾಳಿಕೊಳವೆಯಲ್ಲಿ ನೇರವಾಗಿ ಅಂಗಾಂಗಕ್ಕೆ ಹೋಗುತ್ತದೆ. ರಕ್ತನಾಳ ಎಂದರೇನು ಎಂದು ಕಲಿಸಲು ನಮ್ಮ ಜಿಲ್ಲೆಯಷ್ಟು ಒಳ್ಳೆಯ ಪ್ರಯೋಗಾಲಯ ಎಲ್ಲಿ ಸಿಗುತ್ತದೆ? ರಕ್ತನಾಳವಿಲ್ಲದ ಪ್ರಾಣಿ ತಟ್ಟೆ ತಟ್ಟೆಯಾಗಿ ಮನೆಯಲ್ಲೇ ಇದೆ. (ಅಂದಹಾಗೆ, ಜೀವಕೋಶದ ‘ಕೋಶ’ ಎಂಬ ಪದಕ್ಕೆ ರೇಷ್ಮೆ ಗೂಡು ಎಂಬ ಅರ್ಥವೂ ಇದೆ. ರೇಷ್ಮೆಗೆ ಕೌಶೇಯ ಎಂಬ ಹೆಸರು ಬಂದದ್ದು ಅಲ್ಲಿಂದ. ನಾವು ‘ಕೋಶ’ ಎನ್ನುವಾಗ ಶಿಡ್ಲಘಟ್ಟ ಯಾರಿಗೂ ನೆನಪಾಗುವುದಿಲ್ಲ.)

ಇನ್ನು ವಾಕ್ಯಗಳ ಮಾತು. ‘ರಕ್ತನಾಳೋತ್ಪತ್ತಿ’ ಎಂದೋ ‘ವಾಹಿನೀಜನನ’ ಎಂದೋ ಒಂದು ಪದ ಕಟ್ಟಿಬಿಡಬಹುದು, ಅರ್ಧ ನಿಮಿಷದ ಕೆಲಸ. ಅದರಿಂದ ದೊಡ್ಡಪ್ಪನಿಗೂ ಆ ಹುಡುಗಿಗೂ ಆಗುವ ಉಪಯೋಗ ಸೊನ್ನೆ. ಅದರ ಬದಲು ಹೀಗೆ ಹೇಳಿ ನೋಡೋಣ.

ನಮ್ಮ ದೇಹದ ಬಹುಪಾಲು ಜೀವಕೋಶಗಳು ಒಂದಲ್ಲ ಒಂದು ಸಣ್ಣ ರಕ್ತನಾಳದಿಂದ ಒಂದೆರಡು ಕೂದಲೆಳೆಯ ದಪ್ಪದಷ್ಟು ದೂರದೊಳಗೇ ಬದುಕಬೇಕು. ಅದಕ್ಕಿಂತ ದೂರಕ್ಕೆ ಆಮ್ಲಜನಕ ಇಂಗಿ ಹೋಗಲಾರದು. ಆಮ್ಲಜನಕ ಸಾಲದ ಕೋಶ ಏನು ಮಾಡುತ್ತದೆ? ಪ್ರತಿ ಕೋಶದೊಳಗೂ ‘ಹಿಫ್’ ಎಂಬ ಪ್ರೋಟೀನು ಸದಾ ತಯಾರಾಗುತ್ತಿರುತ್ತದೆ, ಆಮ್ಲಜನಕ ಇರುವವರೆಗೂ ಅದನ್ನು ಸದಾ ನಾಶಮಾಡಲಾಗುತ್ತಿರುತ್ತದೆ. ‘ನೀರಿಲ್ಲ’ ಎಂಬ ಅರ್ಜಿಯನ್ನು ದಿನವೂ ಬರೆದು, ನಲ್ಲಿಯಲ್ಲಿ ನೀರು ಬಂದ ಕೂಡಲೇ ಹರಿದು ಹಾಕಿದ ಹಾಗೆ. ನೀರು ನಿಂತ ದಿನ ಅರ್ಜಿ ಹರಿಯುವುದೂ ನಿಲ್ಲುತ್ತದೆ, ಅರ್ಜಿ ಕಚೇರಿ ತಲುಪುತ್ತದೆ. ಈ ಏರ್ಪಾಡನ್ನು ಬಿಡಿಸಿದ್ದಕ್ಕಾಗಿಯೇ ಸೆಮೆಂಜಾ, ರ‍್ಯಾಟ್‌ಕ್ಲಿಫ್, ಕೇಲಿನ್ ಎಂಬ ಮೂವರಿಗೆ 2019ರ ನೊಬೆಲ್ ಬಂತು. ಹಿಫ್ ಉಳಿದುಕೊಂಡರೆ ಕೋಶ ‘ವಿಇಜಿಎಫ್’ ಎಂಬ ಇನ್ನೊಂದು ಪ್ರೋಟೀನನ್ನು ಹೊರಕ್ಕೆ ಬಿಡುತ್ತದೆ. ಅದು ಹಸಿದ ಕೋಶದ ಕೂಗು. ಹತ್ತಿರದಲ್ಲಿ ದಟ್ಟ, ದೂರ ಹೋದಂತೆ ತೆಳು.

ಪಕ್ಕದ ಹಳೆಯ ರಕ್ತನಾಳದ ಒಳಗೋಡೆಯಲ್ಲಿ ಸಾಲಾಗಿ ಕೂತ ಕೋಶಗಳಿಗೆ ಈ ಕೂಗು ಕೇಳುತ್ತದೆ. ಎಲ್ಲವೂ ಎದ್ದು ಓಡಿದರೆ ನಾಳವೇ ಕಳಚಿ ಬೀಳುತ್ತದೆ. ಆದ್ದರಿಂದ ಕೂಗನ್ನು ಕೊಂಚ ಹೆಚ್ಚು ಕೇಳಿಸಿಕೊಂಡ ಕೋಶ ಪಕ್ಕದವುಗಳನ್ನು ಮುಟ್ಟಿ ಹೇಳುತ್ತದೆ: ನಾನು ಹೋಗುತ್ತೇನೆ, ನೀವು ಕಿವಿ ಮುಚ್ಚಿಕೊಳ್ಳಿ. ಅವು ನಿಜವಾಗಿಯೂ ಕೂಗು ಹಿಡಿಯುವ ತಮ್ಮ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳುತ್ತವೆ. ಮುಂದಾಳು ಕೋಶ ಬೆರಳಿನಂಥ ಎಳೆಗಳನ್ನು ಚಾಚಿ, ಕೂಗು ದಟ್ಟವಾಗಿರುವ ಕಡೆಗೆ ತಡವುತ್ತ ಹೋಗುತ್ತದೆ. 2003ರಲ್ಲಿ ಹೋಲ್ಗರ್ ಗೆರ್ಹಾರ್ಟ್ ಮತ್ತು ಸಂಗಡಿಗರು ಇಲಿಮರಿಯ ಕಣ್ಣಿನ ಅಕ್ಷಿಪಟಲದಲ್ಲಿ ಕಂಡದ್ದು ಇದನ್ನೇ. ಹಿಂದಿನವು ಸಾಲು ಬಿಡದೆ, ವಿಭಜಿಸಿಕೊಂಡು, ನಡುವೆ ಪೊಳ್ಳು ಮಾಡಿಕೊಂಡು ಹಿಂಬಾಲಿಸುತ್ತವೆ. ಸ್ವಲ್ಪ ಹೊತ್ತಿಗೆ ಹಿಂದಿನದೊಂದು ಮುಂದಕ್ಕೆ ಬಂದು ತಾನೇ ಮುಂದಾಳಾಗಬಹುದು, ಮೊದಲನೆಯದು ಹಿಂದೆ ಸರಿಯುತ್ತದೆ. ನಮ್ಮ ಜಿಲ್ಲೆಯ ರಾಜಕಾರಣದಲ್ಲಿ ಕಾಣಸಿಗದ ಗುಣ.

ಪೈಪಿನ ಹೋಲಿಕೆ ಇಲ್ಲಿಯೇ ಮುರಿದು ಬೀಳುತ್ತದೆ. ಡ್ರಿಪ್ ಪೈಪನ್ನು ನಾವು ಎಳೆಯುತ್ತೇವೆ, ಪೈಪು ತಾನಾಗಿ ಟೊಮೆಟೊ ಗಿಡದ ಬುಡ ಹುಡುಕಿಕೊಂಡು ಹೋಗುವುದಿಲ್ಲ. ರಕ್ತನಾಳ ಎಂದರೆ ಬಾಯಾರಿದ ಗದ್ದೆಯ ಕರೆ ಕೇಳಿ ತಾನೇ ಎದ್ದು ನಡೆಯುವ ಕಾಲುವೆ.

ಇಷ್ಟು ಹೇಳಲು ನನಗೆ ಹೊಸದಾಗಿ ಯಾವ ಪದ ಬೇಕಾಯಿತು? ಹಿಫ್, ವಿಇಜಿಎಫ್ ಎಂಬ ಎರಡು ಹೆಸರುಗಳನ್ನು ಹಾಗೇ ಇಟ್ಟುಕೊಂಡೆ. ಹೆಸರುಗಳು ಹೆಸರುಗಳಷ್ಟೇ. ಮಿಕ್ಕಿದ್ದೆಲ್ಲ ಹಸಿವು, ಕೂಗು, ಕಿವಿ, ಮುಟ್ಟು, ತಡವು, ಹಿಂಬಾಲಿಸು. ಇಂಗ್ಲಿಷಿನ ಜೀವಶಾಸ್ತ್ರ ಮಾಡುವುದೂ ಇದನ್ನೇ. ಪಕ್ಕದ ಕೋಶಕ್ಕೆ ‘ನೀನು ಸುಮ್ಮನಿರು’ ಎನ್ನುವ ಸಂದೇಶವನ್ನು ಹಿಡಿಯುವ ಪ್ರೋಟೀನಿನ ಹೆಸರು ‘ನಾಚ್’, ಎಂದರೆ ಕಚ್ಚು. ನೂರು ವರ್ಷಕ್ಕೂ ಹಿಂದೆ ಮಾರ್ಗನ್ ಅವರ ಪ್ರಯೋಗಾಲಯದಲ್ಲಿ ರೆಕ್ಕೆಯ ಅಂಚು ಕಚ್ಚು ಬಿದ್ದ ಹಣ್ಣುನೊಣಗಳು ಕಂಡವು, ಅಷ್ಟೇ ಆ ಹೆಸರಿನ ಗುಟ್ಟು. ನೊಣದ ಗಾಳಿಕೊಳವೆ ಕವಲೊಡೆಯಲು ಬೇಕಾದ ಜೀನು ಕೆಟ್ಟರೆ ಕವಲಿಲ್ಲ, ಅದರ ಹೆಸರು ‘ಬ್ರಾಂಚ್‌ಲೆಸ್’. ಅದರ ಜೊತೆಯ ಇನ್ನೊಂದು ‘ಬ್ರೆತ್‌ಲೆಸ್’. ಅವರ ಪಾಲಿಗೆ ಇವು ಅಡುಗೆಮನೆಯ ಮಾತುಗಳು, ನಮ್ಮ ಮಕ್ಕಳು ಮಾತ್ರ ಅವನ್ನು ಮಂತ್ರದಂತೆ ಬಾಯಿಪಾಠ ಮಾಡುತ್ತಾರೆ.

ಈಗ ನನಗೆ ನಿಜವಾಗಿ ಹೊಟ್ಟೆ ಉರಿಸುವ ಸಂಗತಿಗೆ ಬರುತ್ತೇನೆ. ಚಿಂತಾಮಣಿಯಿಂದ 70 ಕಿಲೋಮೀಟರಿನ ಆಸುಪಾಸಿನಲ್ಲಿ, ಬೆಂಗಳೂರಿನ ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿ ಮನೀಷಾ ಇನಾಮ್ದಾರ್ ಅವರ ಪ್ರಯೋಗಾಲಯ ರಕ್ತ ಮತ್ತು ರಕ್ತನಾಳಗಳ ಹುಟ್ಟನ್ನು ವರ್ಷಗಟ್ಟಲೆ ಅಧ್ಯಯನ ಮಾಡಿತು. ಅವರು ಹೊರತೆಗೆದ ಒಂದು ಜೀನಿಗೆ ಇಟ್ಟ ಹೆಸರು ‘ಅಸೃಜ್’, ಇನ್ನೊಂದಕ್ಕೆ ‘ರುಧಿರ’. ಎರಡರ ಅರ್ಥವೂ ರಕ್ತ. ಇಲಿಯ ಭ್ರೂಣದಲ್ಲಿ ರುಧಿರ ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆ ಎಂಬ ಲೇಖನ ಬಂದದ್ದು 2006ರಲ್ಲಿ. 2012ರಲ್ಲಿ ಗೊತ್ತಾಯಿತು: ನಾಳದ ಕೋಶ ಚಲಿಸುವಾಗ ಅದರೊಳಗಿನ ಹುರಿಗಳ ಚೌಕಟ್ಟನ್ನು ಹೋಗಬೇಕಾದ ದಿಕ್ಕಿಗೆ ತಿರುಗಿಸಿಡುವ ಕೆಲಸದಲ್ಲಿ ಈ ಪ್ರೋಟೀನಿನ ಕೈವಾಡವಿದೆ. ಅದಿಲ್ಲದ ಕೋಶಕ್ಕೆ ಕಾಲಿದ್ದೂ ದಿಕ್ಕು ತಪ್ಪುತ್ತದೆ. 2018ರಲ್ಲಿ ಈ ಜೀನನ್ನು ತೆಗೆದ ಇಲಿಗಳನ್ನು ನೋಡಿದರು. ಭ್ರೂಣಗಳು ಬಸಿರಿನ ನಡುಅವಧಿಯನ್ನು ದಾಟಲಿಲ್ಲ. ಮೊದಲ ನಾಳಗಳೇನೋ ಮೂಡುತ್ತವೆ, ಆದರೆ ದೊಡ್ಡ ಕಾಲುವೆ, ಅದರಿಂದ ಕವಲು, ಕವಲಿನಿಂದ ಸಣ್ಣ ತೋಡು ಎಂದು ಅವು ಮರುಜೋಡಣೆಯಾಗುವುದಿಲ್ಲ.

ಇದು ನಮ್ಮ ಪಕ್ಕದಲ್ಲಿ ನಡೆದ ಕೆಲಸ. ಇದರ ಹೆಸರು ನಮ್ಮ ಯಕ್ಷಗಾನದಲ್ಲೂ ಹರಿಕಥೆಯಲ್ಲೂ ಓಡಾಡುವ ಪದ. ಕುರುಕ್ಷೇತ್ರದಲ್ಲಿ ರುಧಿರದ ಹೊಳೆ ಹರಿಸದೆ ಯಾವ ಕೀರ್ತನಕಾರರೂ ಬಿಟ್ಟವರಲ್ಲ. ಇದನ್ನು ಕನ್ನಡದಲ್ಲಿ ಕಥೆಯಂತೆ ಕೂತು ಹೇಳಿದ ಸಾಹಿತಿ ನನ್ನ ಓದಿಗೆ ಸಿಕ್ಕಿಲ್ಲ. ವಿಜ್ಞಾನಿಗಳನ್ನು ನಾನು ದೂರುತ್ತಿಲ್ಲ. ಅವರು ತಮ್ಮ ಕೆಲಸ ಮಾಡಿದರು, ಸಾಲದ್ದಕ್ಕೆ ಹೆಸರಿಡುವಾಗ ಒಂದು ಬಾಗಿಲನ್ನೂ ತೆರೆದಿಟ್ಟರು. ಆ ಬಾಗಿಲಿನಿಂದ ಒಳಗೆ ಹೋಗಬೇಕಾದವರು ನಾವು.

ಒಳಗೆ ಹೋಗದೆ ಹೊಸ್ತಿಲಲ್ಲೇ ಆರತಿ ಎತ್ತುವ ಇನ್ನೊಂದು ಗುಂಪಿದೆ. ಜೀನಿಗೆ ಸಂಸ್ಕೃತದ ಹೆಸರು ಎಂದು ಗೊತ್ತಾದರೆ ಸಾಕು, ‘ನೋಡಿ, ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಎಂಬ ಸಂದೇಶ ವಾಟ್ಸಾಪಿನಲ್ಲಿ ಹರಿದಾಡಲು ಶುರುವಾಗುತ್ತದೆ. ಹೆಸರು ಬಾಗಿಲ ಮೇಲಿನ ಫಲಕ, ಒಳಗಿನ ಸಾಮಾನಲ್ಲ. ಮನುಷ್ಯರಲ್ಲಿರುವ ಅದೇ ಜೀನಿಗೆ ಜಗತ್ತಿನ ದಾಖಲೆಗಳಲ್ಲಿ ಇರುವ ಅಧಿಕೃತ ಹೆಸರು ‘ಬಿಸಿಎಎಸ್3’, ಸ್ತನ ಕ್ಯಾನ್ಸರಿನ ಅಧ್ಯಯನದಿಂದ ಬಂದದ್ದು. ರುಧಿರ ಎನ್ನುವುದು ಅದರ ಇನ್ನೊಂದು ಹೆಸರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಎಲ್ಲರ ಕೈಲಿ ಬೈಸಿಕೊಂಡರು. ಅದಕ್ಕೂ ಮುಂಚೆ 1962ರಲ್ಲೇ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿ, ಕೇಳಲು ಬಂದವರೆಲ್ಲರಿಗೂ ವಿಜ್ಞಾನದ ಉಪನ್ಯಾಸ ಏರ್ಪಡಿಸಿದ್ದರು. ಅದೇ ಜಿಲ್ಲೆಯ ನಾವು ಒಂದು ಹೆಸರು ನೋಡಿ ಹೆಮ್ಮೆಪಟ್ಟು ಮುಂದಿನ ಸಂದೇಶಕ್ಕೆ ಹೋಗುತ್ತೇವೆ.

‘ವಿಜ್ಞಾನ ಬರವಣಿಗೆ ಕನ್ನಡದಲ್ಲಿ ಇಲ್ಲವೇನು?’ ಎಂದು ನೀವು ಕೇಳಬಹುದು. ಇದೆ, ಮತ್ತು ನನ್ನ ಜಗಳಕ್ಕೆ ಅದೇ ಆಧಾರ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದದ್ದು 1918ರಲ್ಲಿ. ಕಾದಂಬರಿ ಬರೆಯುತ್ತಿದ್ದ ಶಿವರಾಮ ಕಾರಂತರೇ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಬರೆದರು, ಅದು ತಮ್ಮ ಕೆಲಸವಲ್ಲ ಎಂದುಕೊಳ್ಳಲಿಲ್ಲ. ಬಿ.ಜಿ.ಎಲ್. ಸ್ವಾಮಿಯವರು ಗಿಡಗಳ ಬಗ್ಗೆ ಬರೆದ ‘ಹಸುರು ಹೊನ್ನು’ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಕಾಡಿನ ಗಿಡ ಸಾಹಿತ್ಯವಾಗಬಹುದಾದರೆ ನಮ್ಮ ಮೈಯೊಳಗಿನ ಕೋಶ ಯಾಕೆ ಆಗಬಾರದು? ನಾಗೇಶ ಹೆಗಡೆಯವರಂಥ ಕೆಲವರು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಅವರನ್ನು ನಾವು ‘ವಿಜ್ಞಾನ ಲೇಖಕರು’ ಎಂಬ ಪ್ರತ್ಯೇಕ ಪಂಕ್ತಿಯಲ್ಲಿ ಕೂರಿಸಿ ಊಟ ಬಡಿಸುತ್ತೇವೆ. ಸಾಹಿತ್ಯ ಸಮ್ಮೇಳನಗಳಲ್ಲಿ ಅವರ ಪಾಲಿಗೆ ಬರುವುದು ಮಧ್ಯಾಹ್ನದ ನಿದ್ದೆಯ ಹೊತ್ತಿನ ಗೋಷ್ಠಿ.

ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಮುಚ್ಚಿಡುವುದಿಲ್ಲ. ಸಂಶೋಧನೆ ನಡೆಯುವುದು ಇಂಗ್ಲಿಷಿನಲ್ಲಿ. ಚಿಂತಾಮಣಿಯ ಹುಡುಗಿ ನಾಳೆ ಜಕ್ಕೂರಿನ ಪ್ರಯೋಗಾಲಯಕ್ಕೆ ಹೋಗಬೇಕಾದರೆ ಅವಳಿಗೆ ಇಂಗ್ಲಿಷ್ ಬೇಕೇ ಬೇಕು. ಕನ್ನಡದ ಕಥೆ ಹೇಳಿ ಅವಳ ದಾರಿ ತಪ್ಪಿಸಬೇಡಿ ಎನ್ನುತ್ತಾರೆ. ಇಂಗ್ಲಿಷ್ ಬೇಡ ಎಂದು ನಾನೆಲ್ಲಿ ಹೇಳಿದೆ? ಅವಳಿಗೆ ಆ ಭಾಷೆಯನ್ನು ಇನ್ನೂ ಚೆನ್ನಾಗಿ ಕಲಿಸಿ. ಆದರೆ ಯಾರೂ ಒಂದು ಪದದ ಹಿಂದೆ ಬಿದ್ದು ವಿಜ್ಞಾನಿಯಾಗುವುದಿಲ್ಲ, ಒಂದು ಪ್ರಶ್ನೆಯ ಹಿಂದೆ ಬಿದ್ದು ಆಗುತ್ತಾರೆ. ನಾಳಕ್ಕೆ ದಾರಿ ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆ ಅವಳಿಗೆ ಮೊದಲು ಹುಟ್ಟಬೇಕಾದದ್ದು ಅವಳು ಅಮ್ಮನ ಹತ್ತಿರ ಜಗಳವಾಡುವ ಭಾಷೆಯಲ್ಲಿ. ಆ ಪ್ರಶ್ನೆ ಹುಟ್ಟದೆ ಇಂಗ್ಲಿಷ್ ಪದ ಮಾತ್ರ ಸಿಕ್ಕಿದರೆ ಅವಳು ನೀಟ್ ಪರೀಕ್ಷೆಯಲ್ಲಿ ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕುತ್ತಾಳೆ, ಅಲ್ಲಿಗೆ ಮುಗಿಯಿತು.

ಅದೂ ಅಲ್ಲದೆ ಎಲ್ಲರೂ ಪ್ರಯೋಗಾಲಯಕ್ಕೆ ಹೋಗುವುದಿಲ್ಲ. ಆಸ್ಪತ್ರೆಗೆ ಎಲ್ಲರೂ ಹೋಗುತ್ತಾರೆ. ಗಡ್ಡೆಯೂ ಹೀಗೇ ಕೂಗಿ ನಾಳಗಳನ್ನು ಕರೆಸಿಕೊಂಡು ಬೆಳೆಯುತ್ತದೆ ಎಂದು ಜೂಡಾ ಫೋಕ್‌ಮನ್ 1971ರಲ್ಲಿ ಬರೆದಾಗ ಡಾಕ್ಟರುಗಳೇ ವರ್ಷಗಟ್ಟಲೆ ನಂಬಲಿಲ್ಲ. ಆ ಕೂಗಿನ ಬಾಯಿ ಕಟ್ಟುವ ಮೊದಲ ಔಷಧಿ ಕ್ಯಾನ್ಸರಿಗೆಂದು ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2004ರಲ್ಲಿ. ಅದೂ ಅದರ ಸಂಬಂಧಿಕ ಔಷಧಿಗಳೂ ಇವತ್ತು ದೊಡ್ಡಪ್ಪನಂಥವರ ಕಣ್ಣೊಳಗೆ ಹೋಗುತ್ತಿವೆ.

ಮೂರನೇ ಸೂಜಿ ತಪ್ಪಿಸಿಕೊಂಡ ಮೇಲೆ ಒಂದು ಸಂಜೆ ಜಗಲಿಯ ಮೇಲೆ ಕೂತು ಅವರಿಗೆ ಇಷ್ಟನ್ನೂ ಹೇಳಿದೆ. ಸಕ್ಕರೆ ಹೆಚ್ಚಾಗಿ ಕಣ್ಣಿನ ಹಿಂಬದಿಯ ಸಣ್ಣ ನರಗಳು ಕಟ್ಟಿಕೊಂಡಿವೆ (ನಾನೂ ನರ ಎಂದೇ ಅಂದೆ), ಅಲ್ಲಿನ ಕೋಶಗಳಿಗೆ ಉಸಿರು ಸಾಲದೆ ಕೂಗುತ್ತಿವೆ, ಆ ಕೂಗಿಗೆ ಹಳೆಯ ನರಗಳು ಸೋರುತ್ತವೆ, ಹೊಸವು ಹುಟ್ಟಿದರೂ ಬಲವಿಲ್ಲದೆ ಒಡೆಯುತ್ತವೆ, ಅದಕ್ಕೇ ಮಂಜು. ಸೂಜಿಯ ಔಷಧಿ ಆ ಕೂಗನ್ನು ಹಿಡಿದು ನಿಲ್ಲಿಸುತ್ತದೆ. ಕೆಲವು ವಾರಕ್ಕೆ ಔಷಧಿ ಕರಗಿ ಹೋಗುತ್ತದೆ.

ದೊಡ್ಡಪ್ಪ ಸ್ವಲ್ಪ ಹೊತ್ತು ಬೀಡಿ ಹಚ್ಚದೆ ಕೈಯಲ್ಲೇ ತಿರುಗಿಸುತ್ತಿದ್ದರು. ‘ಹಂಗಾದ್ರೆ ಕೂಗು ನಿಂತ್ರೂ ಹಸಿವು ಹಂಗೇ ಇರುತ್ತೆ ಅನ್ನು. ಬೋರ್‌ವೆಲ್ ಬತ್ತಿದ ಊರಲ್ಲಿ ಧರಣಿ ಕೂತೋರನ್ನ ಎಬ್ಬಿಸಿ ಕಳಿಸ್ದಂಗೆ.’

‘ಹೌದು ದೊಡ್ಡಪ್ಪ. ಅದಕ್ಕೇ ಸಕ್ಕರೆ ಹತೋಟಿಯಲ್ಲಿ ಇಟ್ಕೊಳ್ಳಿ ಅಂತಾರೆ.’

‘ಇದನ್ನ ಅವತ್ತೇ ಹೇಳಿದ್ದಿದ್ರೆ ಏನಾಗ್ತಿತ್ತು ಅವರಿಗೆ? ಎರಡು ನಿಮಿಷದ ಮಾತು.’

ಆ ಎರಡು ನಿಮಿಷದ ಮಾತು ಸಿದ್ಧವಾಗಿ ಕೈಗೆ ಸಿಗುವಂತೆ ಯಾರಾದರೂ ಮೊದಲೇ ಬರೆದಿಟ್ಟಿರಬೇಕಿತ್ತು. ಬರೆಯದಿದ್ದವರಲ್ಲಿ ನಾನೂ ಒಬ್ಬ. ಬರುವ ಸೋಮವಾರ ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಸ್ಸು. ಕೇಳಬೇಕಾದ ಪ್ರಶ್ನೆಗಳನ್ನು ದೊಡ್ಡಪ್ಪ ಮೊಮ್ಮಗಳ ಕೈಲಿ ಒಂದು ಚೀಟಿಯಲ್ಲಿ ಬರೆಸಿಕೊಂಡಿದ್ದಾರೆ. ಅವಳು ಒಂದು ಕಡೆ ‘ಅಭಿಧಮನಿ’ ಎಂದು ಬರೆದು, ಮತ್ತೆ ಹೊಡೆದು ಹಾಕಿ, ‘ಕಣ್ಣಿನ ನರ’ ಎಂದು ಬರೆದಿದ್ದಾಳೆ.